‘ಜನರೇ ಗೆಲ್ಲಿಸಿದ್ದಾರಲ್ಲ!’

“ಜನರೇ ಗೆಲ್ಲಿಸಿದ್ದಾರಲ್ಲ, ಇನ್ನೇನು ನಿಮ್ಮ ತಕರಾರು?”

ಈ ಪ್ರಶ್ನೆಯನ್ನು ಚಿಂತಾಮಣಿಯ ಟೀ ಅಂಗಡಿಗಳಲ್ಲಿ ಕನ್ನಡದಲ್ಲೂ ಕೇಳಿದ್ದೇನೆ, ‘ಜನಾಲೇ ಗೆಲಿಪಿಂಚಿನಾರು ಗದಾ’ ಎಂದು ನಮ್ಮ ಕಡೆಯ ತೆಲುಗಿನಲ್ಲೂ ಕೇಳಿದ್ದೇನೆ. ವಿಚಾರ ಸಂಕಿರಣಗಳಲ್ಲಿ ಇದೇ ಪ್ರಶ್ನೆ ‘ಜನಾದೇಶ’ ಎಂಬ ಇಸ್ತ್ರಿ ಮಾಡಿದ ಪದ ತೊಟ್ಟು ಬರುತ್ತದೆ. ಕೇಳುವವರ ಪಕ್ಷ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಅಧಿಕಾರದಲ್ಲಿರುವವರು ಯಾರನ್ನೋ ವಿಚಾರಣೆಯಿಲ್ಲದೆ ಒಳಗೆ ಹಾಕಿದರು, ಯಾವುದೋ ಕಾನೂನನ್ನು ರಾತ್ರೋರಾತ್ರಿ ತಿದ್ದಿದರು ಎಂದು ನೀವು ಹೇಳಿದ ತಕ್ಷಣ ಈ ಮಾತು ಬಂದು ಬೀಳುತ್ತದೆ, ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಈ ಮಾತಿಗೆ ಉತ್ತರ ಹುಡುಕಿಕೊಂಡು ಹಂಗೆರಿಗೋ ಪೆರುವಿಗೋ ಹೋಗಬೇಕಿಲ್ಲ. 1977ರ ಕರ್ನಾಟಕವೇ ಸಾಕು. ಆದರೆ ಆ ಕರ್ನಾಟಕದ ಬಗ್ಗೆ ನಾವು ಮಾತಾಡುವುದೇ ಇಲ್ಲ.

ಶಾಲೆಯಲ್ಲಿ ನಾವೆಲ್ಲ ಓದಿಕೊಂಡು ಬಂದ ಕಥೆ ಇಷ್ಟು: 1975ರಲ್ಲಿ ಇಂದಿರಾ ಗಾಂಧಿ ತುರ್ತು ಪರಿಸ್ಥಿತಿ ಹೇರಿದರು, 21 ತಿಂಗಳ ನಂತರ ಚುನಾವಣೆ ನಡೆಯಿತು, ಜನ ಅವರನ್ನು ಮನೆಗೆ ಕಳಿಸಿದರು, ಪ್ರಜಾಪ್ರಭುತ್ವ ಗೆದ್ದಿತು. ಯಾವ ಜನ? ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ಬಿಹಾರದ 54ರಲ್ಲಿ ಒಂದೂ ಇಲ್ಲ. ಕರ್ನಾಟಕದ 28ರಲ್ಲಿ 26 ಸಿಕ್ಕವು. ಪಕ್ಕದ ಆಂಧ್ರದಲ್ಲಿ 42ಕ್ಕೆ 41. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಕ್ಷೇತ್ರಗಳು ಕಾಂಗ್ರೆಸ್ಸಿನವೇ. ಕನ್ನಡ ನಾಡಿನಲ್ಲಿ ಜನ ತುರ್ತು ಪರಿಸ್ಥಿತಿಯನ್ನು ಸೋಲಿಸಲಿಲ್ಲ, ಅದರ ಮೇಲೆ ಮುದ್ರೆ ಒತ್ತಿದರು. ಮರುವರ್ಷ ಫೆಬ್ರವರಿಯಲ್ಲಿ, ದೇಶವಿಡೀ ಇಂದಿರಾ ಕಥೆ ಮುಗಿಯಿತು ಎನ್ನುತ್ತಿದ್ದಾಗ, ಅವರ ಹೊಸ ಪಕ್ಷಕ್ಕೆ ನಮ್ಮ ವಿಧಾನಸಭೆಯ 224ರಲ್ಲಿ 149 ಸ್ಥಾನ ಕೊಟ್ಟೆವು. ಅದೇ ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಗೆಲ್ಲಿಸಿ ಲೋಕಸಭೆಗೆ ಕಳಿಸಿದೆವು. ಎದುರು ನಿಂತವರು ಯಾರೋ ಹೊರಗಿನವರಲ್ಲ, ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು.

1977ರಲ್ಲಿ ಕಾಂಗ್ರೆಸ್ಸಿಗೆ ದಕ್ಕದ ಎರಡು ಸ್ಥಾನಗಳಲ್ಲಿ ಒಂದು ಹಾಸನ, ಇನ್ನೊಂದು ಬೆಂಗಳೂರು ದಕ್ಷಿಣ. ಬೆಂಗಳೂರು ದಕ್ಷಿಣದಲ್ಲಿ ಗೆದ್ದವರು ಕೆ.ಎಸ್. ಹೆಗ್ಡೆ. 1973ರ ಏಪ್ರಿಲ್‌ನಲ್ಲಿ ಕೇಶವಾನಂದ ಭಾರತಿ ಪ್ರಕರಣದಲ್ಲಿ ಸಂವಿಧಾನದ ಮೂಲ ಸಂರಚನೆಯನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂದ ಏಳು ನ್ಯಾಯಮೂರ್ತಿಗಳಲ್ಲಿ ಅವರೊಬ್ಬರು. ತೀರ್ಪು ಬಂದ ಬೆನ್ನಿಗೇ ಅವರನ್ನೂ ಶೆಲತ್, ಗ್ರೋವರ್ ಅವರನ್ನೂ ದಾಟಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿಸಲಾಯಿತು, ಮೂವರೂ ರಾಜೀನಾಮೆ ಕೊಟ್ಟರು. ತುರ್ತು ಪರಿಸ್ಥಿತಿ ಎಲ್ಲಿಂದ ಶುರುವಾಯಿತು ಎಂದು ಯಾರಾದರೂ ಕೇಳಿದರೆ ನಾನು ಜೂನ್ 25ರ ರಾತ್ರಿಯನ್ನಲ್ಲ, ಈ ದಿನವನ್ನು ತೋರಿಸುತ್ತೇನೆ.

ಯಾಕೆಂದರೆ ಇಂದಿರಾ ಗಾಂಧಿ ಟ್ಯಾಂಕು ತಂದು ದೆಹಲಿಯನ್ನು ಹಿಡಿದವರಲ್ಲ. 1971ರಲ್ಲಿ ಅವರು 352 ಸ್ಥಾನ ಗೆದ್ದಿದ್ದರು. (ತುರ್ತು ಪರಿಸ್ಥಿತಿಯ ವಿಧಿಯ ಸಂಖ್ಯೆಯೂ 352. ಕಾಕತಾಳೀಯವಷ್ಟೇ, ಆದರೆ ನೆನಪಿಟ್ಟುಕೊಳ್ಳಲು ಅನುಕೂಲ.) ವಿಚಾರಣೆಯಿಲ್ಲದೆ ಬಂಧಿಸಲು ಬಳಸಿದ ಮೀಸಾ ಕಾಯ್ದೆ 1971ರಲ್ಲೇ ಬಂದಿತ್ತು. ಆ ವರ್ಷದ ಡಿಸೆಂಬರಿನ ಯುದ್ಧಕ್ಕೆಂದು ಘೋಷಿಸಿದ ತುರ್ತು ಪರಿಸ್ಥಿತಿ 1975ರಲ್ಲೂ ಜಾರಿಯಲ್ಲೇ ಇತ್ತು, ಹೊಸದು ಅದರ ಮೇಲೆ ಬಂದದ್ದು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಅವರು ರಾಯ್‌ಬರೇಲಿಯ ಆಯ್ಕೆಯನ್ನು ರದ್ದು ಮಾಡಿದರು. 24ರಂದು ಸುಪ್ರೀಂ ಕೋರ್ಟ್ ಷರತ್ತಿನ ತಡೆ ಕೊಟ್ಟಿತು. 25ರ ರಾತ್ರಿ ರಾಷ್ಟ್ರಪತಿ ಸಹಿ ಹಾಕಿದರು. ಸಂಪುಟಕ್ಕೆ ತಿಳಿದದ್ದು ಮರುದಿನ ಬೆಳಿಗ್ಗೆ ಆರು ಗಂಟೆಗೆ.

ಆದರೆ ನನ್ನ ಮಟ್ಟಿಗೆ ಆ ರಾತ್ರಿಗಿಂತ ಘೋರವಾದದ್ದು ಆಗಸ್ಟ್ ತಿಂಗಳ ಒಂದು ವಾರ. ಪ್ರಧಾನಿಯ ಆಯ್ಕೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ, ಹಿಂದೆ ಕೊಟ್ಟ ತೀರ್ಪೂ ಲೆಕ್ಕಕ್ಕಿಲ್ಲ ಎನ್ನುವ 39ನೇ ತಿದ್ದುಪಡಿ. ಗುರುವಾರ ಲೋಕಸಭೆ ಒಪ್ಪಿತು. ಶುಕ್ರವಾರ ರಾಜ್ಯಸಭೆ. ಶನಿವಾರ ರಾಜ್ಯಗಳ ವಿಧಾನಸಭೆಗಳು. ಭಾನುವಾರ ರಾಷ್ಟ್ರಪತಿಯ ಅಂಕಿತ. ಸೋಮವಾರ, ಆಗಸ್ಟ್ 11ರಂದು, ಸುಪ್ರೀಂ ಕೋರ್ಟಿನಲ್ಲಿ ಇಂದಿರಾ ಅವರ ಮೇಲ್ಮನವಿಯ ವಿಚಾರಣೆ ಇತ್ತು. ತನ್ನ ಕೇಸಿನ ತೀರ್ಪನ್ನು ತಾನೇ ಬರೆದುಕೊಳ್ಳಲು ದೇಶದ ಸಂವಿಧಾನವನ್ನು ನಾಲ್ಕು ದಿನದಲ್ಲಿ ತಿದ್ದಿದ ಕೆಲಸವಿದು. ಪ್ರತಿ ಹೆಜ್ಜೆಯಲ್ಲೂ ಚುನಾಯಿತ ಸದಸ್ಯರು ಕೈ ಎತ್ತಿದ್ದಾರೆ. ಕೋರಂ ಇತ್ತು, ಮತ ಎಣಿಸಲಾಗಿತ್ತು, ಕಡತದಲ್ಲಿ ಎಲ್ಲ ಸರಿಯಾಗಿತ್ತು. ವಿರೋಧ ಪಕ್ಷದ ಸದಸ್ಯರು ಜೈಲಿನಲ್ಲಿದ್ದರು ಎಂಬುದೊಂದು ಬಿಟ್ಟು.

ಐದು ವರ್ಷದ ಜನಾದೇಶ 1976ರ ಮಾರ್ಚಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಅದೇ ಲೋಕಸಭೆ ತನ್ನ ಆಯುಷ್ಯವನ್ನು ತಾನೇ ಹೆಚ್ಚಿಸಿಕೊಂಡಿತು. 42ನೇ ತಿದ್ದುಪಡಿ ಬಂದಾಗ ಐದನ್ನು ಆರು ಮಾಡಿತು. ‘ಜನರೇ ಗೆಲ್ಲಿಸಿದ್ದಾರಲ್ಲ’ ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆರನೇ ವರ್ಷ ಅವರನ್ನು ಗೆಲ್ಲಿಸಿದವರು ಯಾರು?

ಇಷ್ಟೆಲ್ಲ ನಡೆದ ಮೇಲೂ ನಮ್ಮ ಜನ 26 ಸ್ಥಾನ ಕೊಟ್ಟದ್ದೇಕೆ? ‘ಅನಕ್ಷರಸ್ಥರು, ಮೋಸ ಹೋದರು’ ಎನ್ನುವುದು ಮೇಷ್ಟ್ರುಗಳ ಸುಲಭದ ಉತ್ತರ. ನನಗದು ಒಪ್ಪಿಗೆಯಿಲ್ಲ. ಉತ್ತರದಲ್ಲಿ ಬಲವಂತದ ಸಂತಾನಹರಣ ನಡೆದಷ್ಟು ಕ್ರೂರವಾಗಿ ಇಲ್ಲಿ ನಡೆಯಲಿಲ್ಲ ಎಂಬುದು ಒಂದು ಕಾರಣ. ಪತ್ರಿಕೆಗಳ ಬಾಯಿ ಕಟ್ಟಿದ್ದರಿಂದ ಜೈಲಿನೊಳಗಿನದು ಹೊರಗೆ ಬರಲಿಲ್ಲ ಎಂಬುದು ಇನ್ನೊಂದು. ದೊಡ್ಡ ಕಾರಣ ದೇವರಾಜ ಅರಸು. ನನ್ನ ಅಜ್ಜಿ ಅವರನ್ನು ನೆನೆದದ್ದಕ್ಕಿಂತ ಹೆಚ್ಚಾಗಿ ‘ಇಂದಿರಮ್ಮ’ನನ್ನು ನೆನೆಯುತ್ತಿದ್ದರು ಅನ್ನುವುದು ಬೇರೆ ಮಾತು. ಸಾಲ ಪರಿಹಾರ ಕಾಯ್ದೆ ಬಂದಾಗ ಸಾಹುಕಾರರ ಮನೆಯಲ್ಲಿ ಒತ್ತೆಯಿಟ್ಟಿದ್ದ ಅವರ ಓಲೆ ದುಡ್ಡು ಕಟ್ಟದೆ ವಾಪಸ್ ಬಂದಿತ್ತು. ಸಾಯುವವರೆಗೂ ಅವು ಅಜ್ಜಿಯ ಕಿವಿಯಲ್ಲೇ ಇದ್ದವು. “ಅಜ್ಜಿ, ಆಯಮ್ಮ ಎಷ್ಟೋ ಜನನ್ನ ಜೈಲಿಗೆ ಹಾಕಿದ್ಲಂತೆ” ಎಂದರೆ, “ಹಾಕಿರಬೌದು ಕಣವ್ವ, ನಮ್ ಸಾವ್ಕಾರನ್ನೂ ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು” ಎಂದು ನಗುತ್ತಿದ್ದರು. ಆ ನಗುವಿನ ಮುಂದೆ ಸಂವಿಧಾನದ ವಿಧಿಗಳನ್ನು ಓದಿ ಹೇಳುವುದು ಸುಲಭವಲ್ಲ.

ಹಾಗಾಗಿ ಅಜ್ಜಿಯ ಓಲೆಯನ್ನು ಪಕ್ಕಕ್ಕಿಡದೆ ವಾದ ಮಾಡಬೇಕು. ಇಲ್ಲೇ ನಮ್ಮ ಪ್ರಗತಿಪರ ಬರಹಗಾರರ ಜೊತೆ ನನ್ನ ಜಗಳ. ಅರಸು ಕಾಲದ ಬಗ್ಗೆ ಬರೆಯುವಾಗ ಭೂಸುಧಾರಣೆ, ಹಾವನೂರು ವರದಿ, ಮಲಹೊರುವ ಪದ್ಧತಿಯ ನಿಷೇಧ, ಎಲ್ಲವನ್ನೂ ಪುಟಗಟ್ಟಲೆ ಬರೆಯುತ್ತಾರೆ, ಬರೆಯಲೇಬೇಕು. ತುರ್ತು ಪರಿಸ್ಥಿತಿ ಬಂದಾಗ ಮಾತ್ರ ಅದನ್ನೊಂದು ಅಡಿಟಿಪ್ಪಣಿ ಮಾಡುತ್ತಾರೆ, ಇಲ್ಲವೇ ‘ಬಡವರ ಪಾಲಿಗೆ ಅದು ಬೇರೆಯೇ ಆಗಿತ್ತು’ ಎಂದು ದಾಟಿಕೊಳ್ಳುತ್ತಾರೆ. ದಿನಾಂಕ ನೋಡೋಣ. ಉಳುವವನೇ ಹೊಲದೊಡೆಯ ಎಂದ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ತುರ್ತು ಪರಿಸ್ಥಿತಿಗೆ ಇನ್ನೂ ಹದಿನೈದು ತಿಂಗಳಿತ್ತು. ಅದನ್ನು ಮಾಡಿದ್ದು ವಿರೋಧ ಪಕ್ಷ ಕೂತಿದ್ದ, ಪತ್ರಿಕೆಗಳು ಬೈಯುತ್ತಿದ್ದ, ನ್ಯಾಯಾಲಯಗಳು ತೆರೆದಿದ್ದ ದಿನಗಳ ವಿಧಾನಸಭೆ. ಸಾಲ ಪರಿಹಾರ ತುರ್ತು ಪರಿಸ್ಥಿತಿಯ ಒಳಗೆ ಬಂತು, ನಿಜ. ಆದರೆ ಅದೂ ವಿಧಾನಸೌಧದಲ್ಲಿ ಮಾಡಬಹುದಾದ ಸಾಮಾನ್ಯ ಕಾನೂನೇ. ನನ್ನ ಅಜ್ಜಿಯ ಓಲೆ ಮರಳಿ ಬರಲು ಸ್ನೇಹಲತಾ ರೆಡ್ಡಿಯ ಉಸಿರು ನಿಲ್ಲಬೇಕಿರಲಿಲ್ಲ.

ಸ್ನೇಹಲತಾ ರೆಡ್ಡಿ ಯಾರೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ ಅಂದುಕೊಂಡಿದ್ದೆ. ಆದರೆ ನನ್ನ ವಯಸ್ಸಿನ ಕನ್ನಡ ಎಂ.ಎ. ವಿದ್ಯಾರ್ಥಿಗಳನ್ನು ಕೇಳಿದರೆ ‘ಸಂಸ್ಕಾರ ಸಿನಿಮಾದ ಚಂದ್ರಿ’ ಎನ್ನುವಲ್ಲಿಗೆ ಹೆಚ್ಚಿನವರು ನಿಲ್ಲುತ್ತಾರೆ. 1976ರ ಮೇ 2ರಂದು ಅವರನ್ನು ಬಂಧಿಸಿದರು. ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಿದರು. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ, ಆದರೂ ಮೀಸಾ ಕೆಳಗೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. ಅಸ್ತಮಾ ಇತ್ತು. ಅಲ್ಲಿ ಬರೆದ ದಿನಚರಿ ಮುಂದೆ ಪುಸ್ತಕವಾಯಿತು. ಅದೇ ಜೈಲಿನಲ್ಲಿದ್ದ ಮಧು ದಂಡವತೆ ರಾತ್ರಿಗಳಲ್ಲಿ ಅವರ ಚೀರಾಟ ಕೇಳಿಸುತ್ತಿತ್ತು ಎಂದು ನೆನಪಿಸಿಕೊಂಡಿದ್ದಾರೆ. 1977ರ ಜನವರಿ 15ರಂದು, ಇನ್ನು ಉಳಿಯುವುದಿಲ್ಲ ಎಂಬ ಹೊತ್ತಿಗೆ, ಪೆರೋಲ್ ಕೊಟ್ಟು ಬಿಟ್ಟರು. 18ರಂದು ಇಂದಿರಾ ಗಾಂಧಿ ರೇಡಿಯೋದಲ್ಲಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು. ಎರಡು ತಿಂಗಳಿಗೆ ಸರಿಯಾಗಿ ನಾವು ಮತ ಹಾಕಿ 26 ಸ್ಥಾನ ಕೊಟ್ಟೆವು.

ಜಾರ್ಜ್ ಫರ್ನಾಂಡಿಸ್ ಅಡಗಿರುವ ಜಾಗ ಹೇಳು ಎಂದು ಅವರ ತಮ್ಮ ಲಾರೆನ್ಸ್ ಅವರನ್ನು ಅದೇ ಮೇ ತಿಂಗಳಲ್ಲಿ ಹೊಡೆದು ನಿಲ್ಲಲಾಗದಂತೆ ಮಾಡಿದ್ದೂ ಬೆಂಗಳೂರಿನಲ್ಲೇ. ಹೊಡೆದವರು ದೆಹಲಿಯಿಂದ ಬಂದ ಪೊಲೀಸರಲ್ಲ, ನಮ್ಮವರು. ಸೆಂಟ್ರಲ್ ಜೈಲಿನ ಬೀಗದ ಕೈ ಇದ್ದದ್ದು ಅರಸು ಸರ್ಕಾರದ ಬಳಿ. ಶಾ ಆಯೋಗದ ಲೆಕ್ಕದಲ್ಲಿ ಕರ್ನಾಟಕದಲ್ಲಿ ಮೀಸಾ ಅಡಿ ಬಂಧಿತರಾದವರು 487 ಜನ, ಭಾರತ ರಕ್ಷಣಾ ನಿಯಮಗಳ ಅಡಿ 4,015. ಅರಸು ಅವರ ಬಗ್ಗೆ ಗೌರವವಿಟ್ಟುಕೊಂಡೇ ಈ ಅಂಕಿಗಳನ್ನು ಅವರ ಹೆಸರಿನ ಪಕ್ಕ ಬರೆಯಬಹುದು. ಬರೆಯದೇ ಇರುವುದು ಇತಿಹಾಸಕ್ಕೆ ಮಾಡುವ ಅನ್ಯಾಯಕ್ಕಿಂತ ಹೆಚ್ಚಾಗಿ ಅರಸು ಅವರಿಗೇ ಮಾಡುವ ಅನ್ಯಾಯ. ಭೂಸುಧಾರಣೆಗೂ ಲಾಠಿಗೂ ಬಿಡಿಸಲಾಗದ ನಂಟಿದೆ ಎಂದು ಒಪ್ಪಿಕೊಂಡಂತಾಗುತ್ತದೆ.

ಹಾಗಾದರೆ ತಡೆದವರು ಯಾರು? ಬಹುಮತವಂತೂ ಅಲ್ಲ. ಬೆರಳೆಣಿಕೆಯ ಕೆಲವರು. ಶಿವರಾಮ ಕಾರಂತರು ಪದ್ಮಭೂಷಣ ವಾಪಸ್ ಕೊಟ್ಟರು. ಬಂಧನವನ್ನು ಪ್ರಶ್ನಿಸುವ ಹಕ್ಕು ತುರ್ತು ಪರಿಸ್ಥಿತಿಯಲ್ಲೂ ಉಳಿದಿದೆ ಎಂದ ಒಂಬತ್ತು ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಆ ಕಾಲದಲ್ಲಿ ಎತ್ತಂಗಡಿಯಾದ ಹದಿನಾರು ಹೈಕೋರ್ಟ್ ನ್ಯಾಯಮೂರ್ತಿಗಳಲ್ಲಿ ನಮ್ಮ ಡಿ.ಎಂ. ಚಂದ್ರಶೇಖರ್, ಸದಾನಂದಸ್ವಾಮಿ ಇಬ್ಬರೂ ಇದ್ದರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಆ ಒಂಬತ್ತೂ ಹೈಕೋರ್ಟುಗಳ ಮಾತನ್ನು 4–1ರಲ್ಲಿ ತಳ್ಳಿಹಾಕಿತು. ಆ ಒಬ್ಬರು ಎಚ್.ಆರ್. ಖನ್ನಾ, ಅವರಿಗೆ ಮುಖ್ಯ ನ್ಯಾಯಮೂರ್ತಿ ಪದವಿ ತಪ್ಪಿತು. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಹೂಡಿದ ಕೇಸಿನಿಂದ ಹುಟ್ಟಿದ ತತ್ವವೇ 39ನೇ ತಿದ್ದುಪಡಿಯ ಆ ವಿಷದ ಭಾಗವನ್ನು 1975ರ ನವೆಂಬರಿನಲ್ಲಿ ಕಿತ್ತುಹಾಕಲು ನೆರವಾಯಿತು. ನಾನು ಮಠದ ಜಮೀನಿನ ಪಕ್ಷಪಾತಿಯಲ್ಲ. ಆದರೂ ಕೃತಜ್ಞತೆ ಎಲ್ಲಿ ಸಲ್ಲಬೇಕೋ ಅಲ್ಲಿ ಸಲ್ಲಬೇಕು.

ಈಗ ಇನ್ನೊಂದು ಕಡೆಯವರ ಜೊತೆಗಿನ ಜಗಳ. 2024ರ ಜುಲೈನಲ್ಲಿ ಕೇಂದ್ರ ಸರ್ಕಾರ ಜೂನ್ 25ನ್ನು ‘ಸಂವಿಧಾನ ಹತ್ಯಾ ದಿವಸ’ ಎಂದು ಘೋಷಿಸಿತು. ಅವತ್ತು ಭಾಷಣ, ಛಾಯಾಚಿತ್ರ ಪ್ರದರ್ಶನ, ಜೈಲಿಗೆ ಹೋಗಿಬಂದ ಹಿರಿಯರಿಗೆ ಶಾಲು. ಶಾಲು ಹೊದೆಸಲಿ, ಅವರದಕ್ಕೆ ಅರ್ಹರು. ವಾಜಪೇಯಿ, ಅಡ್ವಾಣಿ ಬೆಂಗಳೂರಿಗೆ ಸಂಸದೀಯ ಸಮಿತಿಯ ಸಭೆಗೆಂದು ಬಂದಿದ್ದಾಗ ಜೂನ್ 26ರ ಬೆಳಿಗ್ಗೆ ಬಂಧಿತರಾದದ್ದು ನಿಜವೇ. ಆದರೆ ಶಾಲು ಹೊದೆಸುವ ಕೈಯೇ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಜೈಲಿನಲ್ಲಿಡುವ ಕಾಯ್ದೆಗೆ ಸಾಣೆ ಹಿಡಿಯುತ್ತಿದ್ದರೆ ಆ ಸಮಾರಂಭಕ್ಕೆ ಏನರ್ಥ? ಮೀಸಾ 1978ರಲ್ಲಿ ಹೋಯಿತು. ಯುಎಪಿಎ ಉಳಿಯಿತು. ಅದರಲ್ಲಿ ಜಾಮೀನು ಬಹುಮಟ್ಟಿಗೆ ಅಸಾಧ್ಯವಾಗುವಂತೆ 2008ರಲ್ಲಿ ತಿದ್ದಿದವರು ಕಾಂಗ್ರೆಸ್ಸಿನವರು. 2019ರಲ್ಲಿ ಯಾವುದೇ ವ್ಯಕ್ತಿಯನ್ನು ಭಯೋತ್ಪಾದಕ ಎಂದು ಸರ್ಕಾರವೇ ಘೋಷಿಸಬಹುದು ಎಂದು ಸೇರಿಸಿದವರು ಈಗಿನವರು. ಸ್ಟ್ಯಾನ್ ಸ್ವಾಮಿ ತುರ್ತು ಪರಿಸ್ಥಿತಿಯ ದಿನಗಳಲ್ಲಿ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಆಗ ಅವರು ಹೊರಗಿದ್ದರು. 2020ರ ಅಕ್ಟೋಬರಿನಲ್ಲಿ, 83ನೇ ವಯಸ್ಸಿನಲ್ಲಿ, ಒಳಗೆ ಹೋದರು. ಪಾರ್ಕಿನ್ಸನ್ ಕಾಯಿಲೆಯ ಕೈ ನಡುಗಿ ಲೋಟ ಹಿಡಿಯಲಾಗದೆ ನೀರು ಕುಡಿಯಲು ಒಂದು ಸ್ಟ್ರಾ ಕೊಡಿ ಎಂದು ನ್ಯಾಯಾಲಯವನ್ನು ಕೇಳಬೇಕಾಯಿತು. 2021ರ ಜುಲೈ 5ರಂದು, ಜಾಮೀನಿನ ಅರ್ಜಿ ಇನ್ನೂ ಹೈಕೋರ್ಟಿನಲ್ಲಿರುವಾಗಲೇ, ತೀರಿಕೊಂಡರು. ಸ್ನೇಹಲತಾಗೆ ಕೊನೆಯ ಐದು ದಿನವಾದರೂ ಸಿಕ್ಕಿತ್ತು.

‘ಅದಕ್ಕೂ ಇದಕ್ಕೂ ಹೋಲಿಕೆಯೇ? ಈಗ ಚುನಾವಣೆ ನಡೆಯುತ್ತಿಲ್ಲವೇ, ನೀನು ಇದನ್ನೆಲ್ಲ ಬರೆಯುತ್ತಿಲ್ಲವೇ?’ ಎಂದು ಕೇಳುವವರಿದ್ದಾರೆ. ನಡೆಯುತ್ತಿದೆ, ಬರೆಯುತ್ತಿದ್ದೇನೆ. 1975ಕ್ಕೂ ಇವತ್ತಿಗೂ ವ್ಯತ್ಯಾಸವಿದೆ, ಅದನ್ನು ಮರೆಮಾಚಿ ವಾದ ಗೆಲ್ಲುವ ಆಸೆ ನನಗಿಲ್ಲ. ಇಂದಿರಾ ಅವರ ತುರ್ತು ಪರಿಸ್ಥಿತಿಗೆ ಒಂದು ದಿನಾಂಕವಿತ್ತು, ಹಾಗಾಗಿ ಅದು ಮುಗಿಯುವುದಕ್ಕೂ ಒಂದು ದಿನಾಂಕ ಬೇಕಾಯಿತು. ಫಿಲಿಪ್ಪೀನ್ಸಿನ ಮಾರ್ಕೋಸ್ ಎರಡು ಬಾರಿ ಗೆದ್ದು, 1972ರಲ್ಲಿ ಸೇನಾಡಳಿತ ಸಾರಿದ. ಪೆರುವಿನ ಫುಜಿಮೊರಿ ಗೆದ್ದು ಎರಡು ವರ್ಷಕ್ಕೆ, 1992ರ ಏಪ್ರಿಲ್‌ನಲ್ಲಿ, ಸಂಸತ್ತನ್ನೇ ಮುಚ್ಚಿದ. ಅವೆಲ್ಲ ಹಳೆಯ ಶೈಲಿ. ಹಂಗೆರಿಯ ಓರ್ಬಾನ್ 2010ರಲ್ಲಿ ಮೂರನೇ ಎರಡು ಬಹುಮತ ಪಡೆದು ಏನನ್ನೂ ಘೋಷಿಸಲಿಲ್ಲ. ಹೊಸ ಸಂವಿಧಾನ ಬರೆದುಕೊಂಡ, ನ್ಯಾಯಾಂಗವನ್ನೂ ಮಾಧ್ಯಮವನ್ನೂ ತನ್ನವರಿಂದ ತುಂಬಿದ, ಚುನಾವಣೆಗಳನ್ನು ಸಮಯಕ್ಕೆ ಸರಿಯಾಗಿ ನಡೆಸಿದ. ಘೋಷಣೆಯೇ ಇಲ್ಲದಿದ್ದಾಗ ಪ್ರತಿಭಟನೆಗೆ ಯಾವ ತಾರೀಖು ಗೊತ್ತುಮಾಡುವುದು?

ನಮ್ಮಲ್ಲಿ ನಡೆದ ಸಣ್ಣ ಸಂಗತಿಗಳನ್ನೇ ನೋಡಿ. 2019ರ ಡಿಸೆಂಬರ್ 19ರಂದು ಬೆಂಗಳೂರಿನಲ್ಲಿ ನಿಷೇಧಾಜ್ಞೆ ಹಾಕಿ, ಟೌನ್‌ಹಾಲ್ ಮುಂದೆ ಭಿತ್ತಿಪತ್ರ ಹಿಡಿದು ನಿಂತ ರಾಮಚಂದ್ರ ಗುಹಾ ಅವರನ್ನು ಎಳೆದೊಯ್ದರು. ಎರಡು ತಿಂಗಳ ನಂತರ ಹೈಕೋರ್ಟ್ ಆ ಆಜ್ಞೆ ಕಾನೂನುಬಾಹಿರ ಎಂದಿತು. ಅಷ್ಟರಲ್ಲಿ ಪ್ರತಿಭಟನೆಯ ದಿನ ಕಳೆದುಹೋಗಿತ್ತು. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರಲ್ಲಿ ಮಕ್ಕಳು ಆಡಿದ ನಾಟಕಕ್ಕೆ ದೇಶದ್ರೋಹದ ಕೇಸು ಬಿತ್ತು. ಒಬ್ಬ ತಾಯಿ, ಒಬ್ಬ ಮುಖ್ಯೋಪಾಧ್ಯಾಯಿನಿ ಜೈಲು ಸೇರಿದರು, ಪೊಲೀಸರು ದಿನಗಟ್ಟಲೆ ಮಕ್ಕಳನ್ನು ಕೂರಿಸಿ ಪ್ರಶ್ನಿಸಿದರು. ಆ ಕೇಸು ರದ್ದಾದದ್ದು 2023ರಲ್ಲಿ. ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕವನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ‘ಚಂಡಮಾರುತ’ ಸಿನಿಮಾ ಮಾಡಿದ ನಾಡಿನಲ್ಲಿ ಮಕ್ಕಳ ನಾಟಕಕ್ಕೆ ಈ ಗತಿ ಬಂದಾಗ ಕನ್ನಡದ ಎಷ್ಟು ಲೇಖಕರು ಬೀದರಿನ ಬಸ್ಸು ಹತ್ತಿದರು?

ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿಗೆ ಶಾಲಾ ಮಕ್ಕಳನ್ನು ಪ್ರವಾಸ ಕರೆದೊಯ್ಯುತ್ತೇವೆ, ಹುತಾತ್ಮರ ಸ್ಮಾರಕ ತೋರಿಸುತ್ತೇವೆ. ಆ ನೆನಪು ನಮಗೆ ಹಗುರ, ಯಾಕೆಂದರೆ ಗುಂಡು ಹಾರಿಸಿದ ಸರ್ಕಾರವನ್ನು ನಾವು ಗೆಲ್ಲಿಸಿರಲಿಲ್ಲ. ನಾವೇ ಗೆಲ್ಲಿಸಿದ ಸರ್ಕಾರದ ಜೈಲಿನಲ್ಲಿ ಸತ್ತವರ ಬಳಿಗೆ, ಅಥವಾ ಬಿಡುಗಡೆಯಾಗಿ ಐದು ದಿನಕ್ಕೆ ಸತ್ತವರ ಬಳಿಗೆ, ಮಕ್ಕಳನ್ನು ಹೇಗೆ ಕರೆದೊಯ್ಯುವುದೆಂದು ನಮಗಿನ್ನೂ ಗೊತ್ತಾಗಿಲ್ಲ.

ಸ್ನೇಹಲತಾ ರೆಡ್ಡಿ ಇದ್ದ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಧರಣಿ, ಮೆರವಣಿಗೆ ಏನೇ ಮಾಡುವುದಿದ್ದರೂ ಅಲ್ಲಿ ಮಾತ್ರ. ಭಿನ್ನಮತೀಯರನ್ನು ಕೂಡಿಹಾಕಿದ್ದ, ಬ್ರಿಟಿಷರ ಕಾಲದಲ್ಲಿ ಕಟ್ಟಿದ ಗೋಡೆಯೊಳಕ್ಕೇ ಭಿನ್ನಮತವನ್ನು ಮತ್ತೆ ಕೂಡಿಹಾಕಿದ್ದೇವೆ, ಬಾಗಿಲೊಂದು ತೆರೆದಿದೆ ಅಷ್ಟೆ. ಆ ಆದೇಶ ಬಂದಾಗ ಇದ್ದ ಪಕ್ಷ ಹೋಯಿತು, ಇನ್ನೊಂದು ಬಂತು, ಆದೇಶ ಹಾಗೇ ಇದೆ.

ಶಿಡ್ಲಘಟ್ಟದಿಂದ ಬೆಂಗಳೂರಿಗೆ ಹೋಗುವಾಗ ದೇವನಹಳ್ಳಿ ಸಿಗುತ್ತದೆ. ಅದರ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗೆಂದು ಕಿತ್ತುಕೊಳ್ಳುವುದರ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದರು. ನಮ್ಮಂತೆ ಅವರೂ ಮತ ಹಾಕಿದವರೇ. 2025ರ ಜೂನ್ 25ರಂದು, ತುರ್ತು ಪರಿಸ್ಥಿತಿಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ, ‘ದೇವನಹಳ್ಳಿ ಚಲೋ’ ಎಂದು ಸೇರಿದ ಅವರನ್ನು ಪೊಲೀಸರು ಬಲವಂತವಾಗಿ ಎತ್ತಿ ಸಾಗಿಸಿದರು. ಅಲ್ಲಿಂದ ರೈತರು ಹೋಗಿ ಕೂತದ್ದು ಫ್ರೀಡಂ ಪಾರ್ಕಿನಲ್ಲಿ. ಜನರೇ ಗೆಲ್ಲಿಸಿದ್ದಾರೆ ಎಂದು ಎದ್ದು ಮನೆಗೆ ಹೋಗಲಿಲ್ಲ. ಜುಲೈ 15ರಂದು ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿತು.